ಒಸಿ ದಪ್ಪಗಿರೋವ್ನೇ ಕೊಡಿ ಸಾರ್

ಆಗೆಲ್ಲ ಒಂದು ಮನೆಗೆ ಹೆಣ್ಣು ನೋಡುವುದಕ್ಕೆ ಬರುತ್ತಾರೆಂದರೆ ಬೀದಿಯ ಅರ್ಧ ಸಾಮಾನು ಆ ಮನೆಗೆ ನಡೆದು ಬರುತ್ತಿತ್ತು. ಎದುರು ಮನೆಯವರ ಮಡಿಸುವ ಕುರ್ಚಿಗಳು, ಮೂಲೆಮನೆಯವರ ಹೂವಿನ ಚಿತ್ತಾರದ ತಟ್ಟೆ, ಗಾಜಿನ ಲೋಟ, ಯಾರದೋ ಪೆಟ್ಟಿಗೆಯಲ್ಲಿದ್ದ ಹೊಸ ಜಮಖಾನ. ಸಂಜೆಗೆ ಎಲ್ಲವನ್ನೂ ತೊಳೆದು ಒರೆಸಿ ಹಿಂದಿರುಗಿಸಬೇಕು. ಅದನ್ನು ಸುಳ್ಳು ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ನಾಳೆ ಅವರ ಮನೆಗೂ ಗಂಡಿನ ಕಡೆಯವರು ಬರುತ್ತಾರಲ್ಲ, ಆಗ ನಮ್ಮ ಮನೆಯ ಹಿತ್ತಾಳೆ ಹಂಡೆ ಅಲ್ಲಿಗೆ ಹೋಗುತ್ತದೆ. ಇಂಥ ಬೀದಿಗಳಲ್ಲಿ ಬೆಳೆದವರಿಗೆ ಇದೆಲ್ಲ ಗೊತ್ತಿರುವುದೇ. ಆದರೆ ಪುಸ್ತಕ ಎರವಲು ತಂದು ಹೆಣ್ಣು ತೋರಿಸಿದವರು ಇಡೀ ಚನ್ನಪಟ್ಟಣದಲ್ಲಿ ನಾವೊಬ್ಬರೇ ಇರಬೇಕು.

ನಮ್ಮಪ್ಪನದು ಸಣ್ಣ ಚಿಲ್ಲರೆ ಅಂಗಡಿ. ಬೆಲ್ಲ, ಹುಣಸೆಹಣ್ಣು, ಕಡ್ಲೆಪುರಿ, ಸೀಮೆಎಣ್ಣೆ. ಅಪ್ಪನಿಗೆ ರುಜು ಹಾಕುವುದು ಬಿಟ್ಟರೆ ಅಕ್ಷರ ಬರದು. ಅವ್ವನಿಗೆ ಅದೂ ಬರದು. ಮನೆಯ ಹಿಂದೆ ಬೊಂಬೆ ಕಡೆಯುವ ಶೆಡ್ಡು. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಏಳುವ ಬಿಸಿ ವಾಸನೆ ನಮ್ಮ ಅಡುಗೆಮನೆಯ ಸಾರಿನ ವಾಸನೆಯೊಂದಿಗೆ ಬೆರೆತುಹೋಗಿತ್ತು. ಅಲ್ಲಿ ಸೊಟ್ಟಗಾಗಿ ಎಸೆದ ಚಕ್ರಗಳನ್ನು ಆಯ್ದು ತಂದು ನಾವು ಕುಂಟೆಬಿಲ್ಲೆ ಆಡುತ್ತಿದ್ದೆವು.

ನನ್ನ ಅಕ್ಕ ಗಿರಿಜ ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು. ಆ ದಿನ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಚೂರು ಬೆಲ್ಲ ಕೊಟ್ಟರು. ಅಕ್ಕ ಕಾಲೇಜಿನ ಮಾತೆತ್ತಿದಾಗ ಮಾತ್ರ, "ಫಸ್ಟ್ ಕ್ಲಾಸೇ ಬಂತಲ್ಲವ್ವ, ಇನ್ನೇನೈತೆ ಅದ್ರ ಮೇಲೆ?" ಅಂದುಬಿಟ್ಟರು. ಅಪ್ಪ ಕುಹಕದಿಂದ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಅದರ ಮೇಲೆ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಅಕ್ಕ ಮನೆಯಲ್ಲಿ ಉಳಿದಳು.

ನನ್ನ ಐದನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು. ಮಂಚದಡಿ ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದ ಮಾವು ಘಮಗುಡುತ್ತಿತ್ತು. ಆ ಬೇಸಿಗೆಯಲ್ಲಿ ಅವ್ವನ ತಮ್ಮ ನಂಜಪ್ಪ ಮಾವ ಒಂದು ಸಂಬಂಧ ತಂದ. ಕನಕಪುರದ ಕಡೆಯ ಹುಡುಗ, ಬಿ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ.

"ಓದಿರೋ ಹುಡ್ಗೀನೇ ಬೇಕಂತೆ ಭಾವ. ನಮ್ಮುಡ್ಗಿ ಮನೇಲೇ ಕೂತ್ಕಂಡು ಬಿ.ಎ.ಗೆ ಕಟ್ಟವ್ಳೆ ಅಂತ ಅಂದ್ಬುಟ್ಟಿವ್ನಿ."

"ಲೇ, ಅಂದ್ಬುಟ್ಟು ಬಂದಿದೀಯಲ್ಲ! ಬತ್ತಾರೆ, ಕೂತ್ಕತ್ತಾರೆ. ಮನೇಲಿ ಒಂದ್ ಪುಸ್ತಕಾನಾದ್ರೂ ಕಾಣಬ್ಯಾಡ್ವೇನ್ಲಾ?"

"ಮೇಲ್ಗಡೆ ಸಾರ್ ಇಲ್ವಾ? ಕುರ್ಚಿ ತತ್ತೀವಿ, ಪುಸ್ತಕ ತರಬಾರ್ದಾ?"

ಮೇಲಿನ ಮನೆಯ ಸಾರ್ ಎಂದರೆ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಲೆಕ್ಚರರ್. ಒಬ್ಬರೇ ಇದ್ದರು. ಅವರ ಕೋಣೆಯಲ್ಲಿ ಒಂದು ಚಾಪೆಯಷ್ಟು ಜಾಗ ಬಿಟ್ಟರೆ ಮಿಕ್ಕಿದ್ದೆಲ್ಲ ಪುಸ್ತಕ. ಅಪ್ಪನ ಹಿಂದೆ ನಾನೂ ಮೆಟ್ಟಿಲು ಹತ್ತಿದೆ. ಅಪ್ಪ ಟವೆಲನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡು ವಿಷಯ ಹೇಳಿದರು. ಸಾರ್ ನಗಲಿಲ್ಲ.

"ಯಾವ ವಿಷಯದ್ದು ಕೊಡಲಿ? ಇತಿಹಾಸ ಇದೆ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರ. ಗಣಿತದ್ದೂ ಒಂದೆರಡಿದೆ."

ಅಪ್ಪ ಗೋಡೆಯುದ್ದಕ್ಕೂ ಕಣ್ಣಾಡಿಸಿದರು. ಅಂಗಡಿಗೆ ಬೆಲ್ಲದ ಅಚ್ಚು ಆರಿಸುವಾಗಿನ ಮುಖವೇ ಅದು.

"ಒಸಿ ದಪ್ಪಗಿರೋವ್ನೇ ಕೊಡಿ ಸಾರ್."

ಗೋಣಿಚೀಲದಲ್ಲಿ ತುಂಬಿ ಇಳಿಸಿದೆವು. ಅವ್ವ ಬಾಗಿಲಲ್ಲೇ ತಡೆದು, ಹೊಸಿಲು ದಾಟುವ ಮುಂಚೆ ಮೇಲಿನ ಪುಸ್ತಕಕ್ಕೆ ಅರಿಸಿನ ಕುಂಕುಮ ಇಟ್ಟಳು. ಸರಸ್ವತಿ ಮನೆಗೆ ಬರುತ್ತಿದ್ದಾಳೆ, ಬರಿಗೈಲಿ ಕರೆಯುವುದುಂಟೆ? ಆದರೆ ಹಲಗೆಯ ಮೇಲೆ ಜೋಡಿಸಿ ನೋಡಿದರೆ ಪುಸ್ತಕಗಳ ಬೆನ್ನು ಹರಿದಿತ್ತು, ರಟ್ಟು ಕಪ್ಪಗಾಗಿತ್ತು.

"ಇದೇನು, ರದ್ದಿ ಅಂಗ್ಡಿ ಥರ ಕಾಣ್ತೈತಲ್ಲ" ಎಂದು ಅಪ್ಪ ತಲೆ ಕೆರೆದುಕೊಂಡರು.

ಆಗ ನನಗೆ ಹೊಳೆಯಿತು. ಪ್ರತಿ ಜೂನ್‌ನಲ್ಲೂ ಶಾಲೆಯ ಪುಸ್ತಕಗಳಿಗೆ ಮಾಡುತ್ತಿದ್ದುದನ್ನೇ ಮಾಡೋಣ ಎಂದೆ. ಕಂದು ಕಾಗದದಲ್ಲಿ ಬೈಂಡ್ ಹಾಕಿ, ಮೇಲೆ ಚೀಟಿ ಅಂಟಿಸುವುದು. ಅಪ್ಪ ಅಂಗಡಿಯಿಂದ ಕಾಗದದ ಸುರುಳಿ ತಂದುಕೊಟ್ಟರು. ಅವ್ವ ಮೈದಾ ಗೋಂದು ಕಾಯಿಸಿದಳು. ಒಂದು ಮಧ್ಯಾಹ್ನವೆಲ್ಲ ಕೂತು ಎಲ್ಲಕ್ಕೂ ಬೈಂಡ್ ಹಾಕಿದೆ. ಚೀಟಿ ಬರೆಯಲು ಕೂತಾಗ ಕಷ್ಟಕ್ಕಿಟ್ಟುಕೊಂಡಿತು.

"ಅಪ್ಪ, ತರಗತಿ ಅಂತೈತೆ. ಏನ್ ಬರೀಲಿ?"

"ಬಿ.ಎ. ಅಂತ ಬರಿ."

"ಬಿ.ಎ. ಅಂದ್ರೆ ಎಷ್ಟ್ನೇ ಕ್ಲಾಸು?"

"ಎಲ್ಲಾ ಕ್ಲಾಸೂ ಮುಗುದ್ಮೇಲಿಂದು. ಬರಿ ಸುಮ್ಕೆ."

ವಿಷಯ ಯಾವುದೆಂದು ಬರೆಯುವುದು ಇನ್ನೂ ಕಷ್ಟ. ಪುಸ್ತಕಗಳೆಲ್ಲ ಇಂಗ್ಲಿಷಿನವು. ನಾನು ಎ ಬಿ ಸಿ ಡಿ ಕಲಿತದ್ದೇ ಆ ವರ್ಷ. ಅಕ್ಕನನ್ನು ಕೇಳಿದರೆ, "ಈ ಆಟಕ್ಕೆ ನನ್ನ ಕರೀಬ್ಯಾಡಿ" ಎಂದು ರಾಗಿ ಕೇರುತ್ತಾ ಕೂತಳು. ಹಾಗಾಗಿ ನಾನೇ ಒಂದು ದಾರಿ ಕಂಡುಕೊಂಡೆ. ಪುಟ ತಿರುವುವುದು, ನೋಡುವುದು. ಭೂಪಟ ಕಂಡರೆ ಭೂಗೋಳ. ಗಡ್ಡದವರು, ಕಿರೀಟದವರು ಕಂಡರೆ ಇತಿಹಾಸ. ಒಂದರಲ್ಲಿ ಪುಟಪುಟಕ್ಕೂ ಅಂಕಿಗಳ ಸಾಲು, ಏರಿ ಇಳಿಯುವ ಗೆರೆಗಳು. ಕಣ್ಣು ಮುಚ್ಚಿಕೊಂಡು ಗಣಿತ ಎಂದು ಬರೆದೆ. ಇನ್ನೊಂದರಲ್ಲಿ ಹುಡುಕಿದರೂ ಅಂಕಿಯಿಲ್ಲ, ಬರೀ ಎಕ್ಸು, ವೈಯಿ, ಬಾಲ ಬಂದ ಎಸ್ಸು. ಇಷ್ಟೊಂದು ಅಕ್ಷರವಿದ್ದ ಮೇಲೆ ಇಂಗ್ಲಿಷಲ್ಲದೆ ಇನ್ನೇನು? ಚಿತ್ರವೂ ಇಲ್ಲದೆ ಅಂಕಿಯೂ ಇಲ್ಲದೆ ಒತ್ತೊತ್ತಾಗಿ ಬರೆದಿದ್ದ ಒಂದು ಪುಸ್ತಕಕ್ಕೆ ನೀತಿಪಾಠ ಎಂದು ಬರೆದೆ. ನಮ್ಮ ಶಾಲೆಯಲ್ಲಿ ಏನೂ ಇಲ್ಲದ ಪೀರಿಯಡ್ಡಿಗೆ ಅದೇ ಹೆಸರಿತ್ತು.

ಎಲ್ಲ ಚೀಟಿಯಲ್ಲೂ ಮೇಲೆ ಕುಮಾರಿ ಗಿರಿಜ, ಕೆಳಗೆ ಬಿ.ಎ.

ರಾಗಿ ಮೊರ ಬದಿಗಿಟ್ಟು ಅಕ್ಕ ಹಲಗೆಯ ಮುಂದೆ ನಿಂತಳು. ವಿಷಯದ ಸಾಲು ಅವಳು ನೋಡಲೇ ಇಲ್ಲ. ತನ್ನ ಹೆಸರು, ಅದರ ಕೆಳಗಿನ ಎರಡಕ್ಷರ, ಅಷ್ಟನ್ನೇ ನೋಡುತ್ತಿದ್ದಳು. "ದುಂಡುಗೆ ಬರ್ದಿದೀಯ ಕಣೆ" ಅಂದಳು. ಆಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ, "ಹುಡುಗ ಮೇಷ್ಟ್ರಂತಲ್ಲ. ಮದ್ವೆ ಆದ್ಮೇಲೆ ಓದ್ತೀನಿ ಅಂದ್ರೆ ಬ್ಯಾಡ ಅನ್ನಕಿಲ್ಲ, ಅಲ್ವೇನೆ?" ಎಂದು ಕೇಳಿದಳು. ಬೇಡ ಅನ್ನುವುದಿಲ್ಲ ಎಂದು ನಾನು ಬಹಳ ತಿಳಿದವಳ ಹಾಗೆ ಹೇಳಿದೆ.

ಗಂಡಿನ ಕಡೆಯವರು ಕೆಂಗಲ್ಲಿನಲ್ಲಿ ಇಳಿದು ಹನುಮಪ್ಪನಿಗೆ ಕೈಮುಗಿದು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಮೂವರ ಹಣೆಯಲ್ಲೂ ಸಿಂಧೂರ. ಸೋದರಮಾವ ಕೋರ್ಟಿನಲ್ಲಿ ಗುಮಾಸ್ತನಂತೆ. ದನಿ ದೊಡ್ಡದು, ಕೂತ ತಕ್ಷಣ ಎರವಲು ಕುರ್ಚಿ ಕಿರುಗುಟ್ಟಿತು. ಉಪ್ಪಿಟ್ಟು, ಕೇಸರಿಬಾತು, ಹೆಚ್ಚಿದ ಮಾವಿನಹಣ್ಣು. ಅಕ್ಕ ಕಾಫಿ ತಂದಳು. ಹುಡುಗ ಅಕ್ಕನನ್ನು ಒಂದು ಸಲ ನೋಡಿದ, ಆಮೇಲೆ ಹಲಗೆಯನ್ನೇ ನೋಡುತ್ತಿದ್ದ. ಅಪ್ಪನ ಮುಖ ಅರಳಿತು.

"ನಮ್ಮುಡ್ಗ ಪುಸ್ತಕ ಕಂಡ್ರೆ ಊಟ ಬುಡ್ತಾನೆ" ಎಂದು ಸೋದರಮಾವ ನಕ್ಕ.

ಹುಡುಗ ಎದ್ದು ಹೋಗಿ ಗಣಿತ ಎಂದಿದ್ದ ಪುಸ್ತಕವನ್ನೇ ತೆಗೆದ. ಬಿಡಿಸಿದ. ಹುಬ್ಬು ಗಂಟಿಕ್ಕಿತು. ಅದನ್ನಿಟ್ಟು ಇಂಗ್ಲಿಷ್ ಎಂದಿದ್ದನ್ನು ತೆಗೆದ. ಎರಡು ಪುಟ ತಿರುವಿದವನಿಗೆ ನಗು ತಡೆಯಲಾಗಲಿಲ್ಲ.

"ಏನ್ಲಾ ಅದು?" ಎಂದ ಸೋದರಮಾವ.

"ಏನಿಲ್ಲ ಮಾವ. ಇದು ಗಣಿತ. ಇಂಗ್ಲಿಷ್ ಅಂತ ಬರ್ದವ್ರೆ."

"ಇಂಗ್ಲಿಷಾ!" ಸೋದರಮಾವ ಪುಸ್ತಕ ಕಿತ್ತುಕೊಂಡು ಚೀಟಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಓದಿದ. "ಕುಮಾರಿ ಗಿರಿಜ. ಬಿ.ಎ. ಯಾರ್ರೀ ಬರ್ದಿದ್ದು ಇದ್ನ?"

ನಾನು ಬಾಗಿಲ ಮರೆಯಲ್ಲಿದ್ದೆ. ಅಪ್ಪ ಗಾಬರಿಯಲ್ಲಿ, "ನಮ್ಮುಡ್ಗೀನೇ ಸ್ವಾಮಿ, ಅವಳ್ದೇ ಅಕ್ಷರ" ಎಂದರು. ಉಳಿಸಿಕೊಳ್ಳಲು ಹೇಳಿದ್ದು. ಅದೇ ಮುಳುಗಿಸಿತು.

"ಗಣಿತ ಯಾವ್ದು ಇಂಗ್ಲಿಷ್ ಯಾವ್ದು ಅಂತ ಗೊತ್ತಿಲ್ದೋಳು ಬಿ.ಎ. ಓದ್ತಾವ್ಳಾ? ಭೇಷ್!"

ನಂಜಪ್ಪ ಮಾವ ಖಾಲಿ ಲೋಟವನ್ನೇ ಇನ್ನೊಮ್ಮೆ ಬಾಯಿಗಿಟ್ಟ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕ ತಟ್ಟೆ ಕೆಳಗಿಟ್ಟು ಬಂದು ಆ ದೊಡ್ಡ ದನಿಯವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಮೊದಲ ಪುಟ ತೆರೆದು ಅದರ ಹೆಸರನ್ನು ಇಂಗ್ಲಿಷಿನಲ್ಲಿ ಓದಿದಳು. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ. ಎಲ್ಲೂ ತಪ್ಪಲಿಲ್ಲ. ಅದನ್ನಿಟ್ಟು, ಗಣಿತ ಎಂಬ ಚೀಟಿಯಿದ್ದ ಇನ್ನೊಂದನ್ನು ತೆಗೆದು ಅದರ ಹೆಸರನ್ನೂ ಓದಿದಳು.

"ಅದು ಗಣಿತ. ಇದು ಅರ್ಥಶಾಸ್ತ್ರ. ಚೀಟಿ ಬರ್ದಿದ್ದು ನನ್ ತಂಗಿ, ಅವಳಿನ್ನೂ ಚಿಕ್ಕೋಳು. ಪುಸ್ತಕ ಎಲ್ಲಾ ಮೇಲ್ಗಡೆ ಸಾರ್‌ದು. ನಾನು ಬಿ.ಎ.ಗೆ ಕಟ್ಟಿಲ್ಲ. ಎಸೆಸೆಲ್ಸಿ ಆದ್ಮೇಲೆ ಕಳಿಸ್ನಿಲ್ಲ. ಅದ್ರಲ್ಲಿ ಹೆಸ್ರು ಒಂದೇ ನಂದು."

ಹುಡುಗ ಏನೋ ಹೇಳಲು ಬಾಯಿ ತೆರೆದ. ಸೋದರಮಾವ ಅಷ್ಟರಲ್ಲಿ ಎದ್ದಿದ್ದ. ತಾಯಿ ಮಾತ್ರ ಅವ್ವನ ಕೈ ಮುಟ್ಟಿ, "ಬತ್ತೀವಮ್ಮ" ಎಂದಳು. ಅಪ್ಪ ಬೀದಿಯ ಕೊನೆಯವರೆಗೂ ಅವರ ಹಿಂದೆ ಹೋದರು. ಏನು ಹೇಳಿದರೋ ಗೊತ್ತಿಲ್ಲ. ವಾಪಸು ಬರುವಾಗ ಎರಡೂ ಬದಿಯ ಜಗುಲಿಗಳಲ್ಲಿ ಜನ ಕೂತಿದ್ದರು. ಕುರ್ಚಿ ಕೊಟ್ಟವರು, ಲೋಟ ಕೊಟ್ಟವರು. ಅಪ್ಪ ತಲೆ ತಗ್ಗಿಸಿ ನಡೆದು ಬಂದ ಆ ಬೀದಿಯನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

"ಒಂದ್ ಗಳಿಗೆ ಬಾಯ್ ಮುಚ್ಕಂಡಿದ್ರೆ ಆಯ್ತಿತ್ತಲ್ಲೇ" ಎಂದಳು ಅವ್ವ.

"ಆಮೇಲೆ ಅವ್ರ ಮನೇಲಿ ಓದು ಅಂದಿದ್ರೆ ಏನ್ ಮಾಡನವ್ವ?" ಎಂದಳು ಅಕ್ಕ. ಅವಳು ಅಳುತ್ತಿರಲಿಲ್ಲ. ಗಾಜಿನ ಲೋಟಗಳನ್ನು ತೊಳೆಯುತ್ತಿದ್ದಳು.

ಕೆಲವು ದಿನಗಳಲ್ಲಿ ನಂಜಪ್ಪ ಮಾವ ಸುದ್ದಿ ತಂದ. ಹುಡುಗನಿಗೆ ಒಪ್ಪಿಗೆಯಿತ್ತಂತೆ. ಹಿರಿಯರು ಬಿಲ್ಕುಲ್ ಬೇಡ ಅಂದರಂತೆ. "ಹುಡ್ಗಿ ಪರವಾಗಿಲ್ಲ, ಮನೆಯೋರು ಸರಿಯಿಲ್ಲ ಅಂದ್ರು ಭಾವ." ಹುಡುಗಿಯಲ್ಲಿ ಕೊರತೆ ಕಂಡಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರೇನೋ. ಆ ಮಾತು ಅವರನ್ನು ಎರಡು ದಿನ ಅಂಗಡಿಯ ಗಲ್ಲಾದ ಮುಂದೆ ಕೂರಲು ಬಿಡಲಿಲ್ಲ.

ಪುಸ್ತಕ ಹಿಂದಿರುಗಿಸಲು ಅಪ್ಪ, ಅಕ್ಕ, ನಾನು ಮೂವರೂ ಮೇಲೆ ಹೋದೆವು. ಬೈಂಡು ಬಿಚ್ಚಿದ್ದೆವು, ಅಲ್ಲಲ್ಲಿ ಮೈದಾ ಗೋಂದಿನ ಕಲೆ ಉಳಿದಿತ್ತು. ಸಾರ್‌ಗೆ ಎಲ್ಲ ತಿಳಿದಿತ್ತು. ಬೀದಿಯಲ್ಲಿ ಯಾರಿಗೆ ತಿಳಿದಿರಲಿಲ್ಲ? ಅವರು ಪುಸ್ತಕ ಎತ್ತಿಡುತ್ತಾ ಅಪ್ಪನಿಗೆ ಹೇಳಿದರು:

"ದೊಡ್ಡವಳನ್ನು ಈ ವರ್ಷವಾದರೂ ಕಾಲೇಜಿಗೆ ಸೇರಿಸಿ. ಅಷ್ಟು ಜನರ ಮುಂದೆ ಹೆಸರು ಓದಿದವಳು ಒಳಗಿರುವುದನ್ನೂ ಓದುತ್ತಾಳೆ. ಅರ್ಜಿ ನಾನೇ ತಂದುಕೊಡುತ್ತೇನೆ."

ಅಕ್ಕ ಅಪ್ಪನ ಮುಖ ನೋಡಿದಳು. ಅವಳ ತೋಳಿನ ಮೇಲೆ ಇನ್ನೂ ನಾಲ್ಕಾರು ಪುಸ್ತಕಗಳಿದ್ದವು. ಅಪ್ಪ ಹೆಗಲಿನ ಟವೆಲು ಇಳಿಸಿ ಮುಖ ಒರೆಸಿಕೊಂಡರು.

"ಇವಳ್ದು ಇನ್ನೇನ್ ಸಾರ್, ಎಲ್ಲಾದ್ರೂ ಬೇಗ ಒಂದ್ ಕಡೆ ಸೇರಿಸ್ಬುಡಬೇಕು. ಊರಲ್ಲಿ ಮಾತಾಗೋಗೈತೆ. ಚಿಕ್ಕೋಳ್ನ ಓದುಸ್ತೀನಿ. ಎಷ್ಟ್ ಓದ್ತಾಳೋ ಅಷ್ಟು. ಇನ್ನೊಂದ್ ಸಲ ನಾನು ಯಾರ್ ಮನೆ ಪುಸ್ತಕಾನೂ ಕೇಳಕಿಲ್ಲ."

ನನಗೆ ಅಷ್ಟೂ ಅರ್ಥವಾಗಲಿಲ್ಲ. ಓದಿಸುತ್ತೇನೆ ಎಂದದ್ದು ಮಾತ್ರ ಅರ್ಥವಾಯಿತು. ಆ ಚಾಪೆಯಷ್ಟು ಜಾಗದಲ್ಲೇ ನಾನು ಕುಣಿದುಬಿಟ್ಟೆ. ಅಕ್ಕ ಪುಸ್ತಕಗಳನ್ನು ಕೆಳಗಿಟ್ಟು, ನನ್ನ ಬಿಚ್ಚಿಹೋಗಿದ್ದ ಜಡೆಯನ್ನು ಬಿಗಿಯಾಗಿ ಕಟ್ಟಿದಳು.

ಅಪ್ಪ ಮಾತು ಉಳಿಸಿಕೊಂಡರು. ನಾನು ಬಿ.ಎ. ಮಾಡಿದೆ. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ. ನಮ್ಮ ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಡಿಗ್ರಿ ಕಾಗದ ಕಂಡ ಮೊದಲ ತಲೆ ನನ್ನದು. ಹಳ್ಳಿ ಹುಡುಗಿಯರ ಜೊತೆ ಬಸ್ಸಿನಲ್ಲಿ ನೇತಾಡಿಕೊಂಡು, ರಾಗಿಮುದ್ದೆಯ ಡಬ್ಬಿ ಹಿಡಿದುಕೊಂಡು ಸಂಪಾದಿಸಿದ್ದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳಿಕೊಂಡಾಗಲೆಲ್ಲ, ಚಾಪೆಯಷ್ಟು ಜಾಗದಲ್ಲಿ ಕುಣಿದ ಆ ಹುಡುಗಿ ಕಣ್ಣಮುಂದೆ ಬಂದು ನಿಲ್ಲುತ್ತಾಳೆ. ಆಗ ಎತ್ತಿದ ತಲೆ ತಾನಾಗಿ ತಗ್ಗುತ್ತದೆ.

ಅಕ್ಕನನ್ನು ಮರುವರ್ಷ ಹಾರೋಹಳ್ಳಿಯ ಕಡೆಗೆ ಕೊಟ್ಟರು. ಭಾವ ಒಳ್ಳೆಯವರು, ಹಿಪ್ಪುನೇರಳೆ ತೋಟ ಮಾಡಿಕೊಂಡು ಚೆನ್ನಾಗಿದ್ದಾರೆ. ಅವಳಿಗೆ ಕಷ್ಟ ಕೊಟ್ಟವರು ಯಾರೂ ಇಲ್ಲ. ಈಗ ಆ ಬೀದಿಯಲ್ಲಿ ಯಾರೂ ಯಾರಿಂದಲೂ ಕುರ್ಚಿ ಕೇಳುವುದಿಲ್ಲ. ಎಲ್ಲರ ಮನೆಯಲ್ಲೂ ಎಲ್ಲ ಇದೆ. ಹೆಣ್ಣು ಮಕ್ಕಳು ಎಂ.ಎ., ಎಂ.ಎಸ್ಸಿ. ಮಾಡಿಕೊಂಡು ತಾವೇ ಗಂಡು ನೋಡಲು ಹೋಗುತ್ತಾರೆ. ಆದರೆ ಅಕ್ಕನ ಬಾಯಲ್ಲಿ ಇಂಗ್ಲಿಷ್ ಕೇಳಿದ್ದು ನನಗೆ ಅದೇ ಕೊನೆ. ಬಸ್ಸಿನ ಬೋರ್ಡು, ಔಷಧದ ಡಬ್ಬಿ, ಏನೇ ಇರಲಿ, "ಓದು" ಎಂದು ನನ್ನ ಕೈಗೇ ಕೊಡುತ್ತಾಳೆ. ಓದಲು ಬರದವಳ ಹಾಗೆ ಕಾಯುತ್ತಾಳೆ.

ಹೋದ ಸಲ ಹಬ್ಬಕ್ಕೆ ಬಂದಾಗ ಧೈರ್ಯ ಮಾಡಿ ಕೇಳಿದೆ. "ಈಗ ಮನೇಲಿ ಕೂತೇ ಡಿಗ್ರಿ ಕಟ್ಟಬಹುದು ಕಣಕ್ಕ. ವಯಸ್ಸು ಗಿಯಸ್ಸು ಏನೂ ಕೇಳಲ್ಲ. ನಾನೇ ಫೀಸ್ ಕಟ್ತೀನಿ, ಪುಸ್ತಕ ತಂದ್ಕೊಡ್ತೀನಿ."

ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ನಕ್ಕಳು.

"ಯಾಕೆ, ನೀನ್ ಓದಿದ್ದು ಸಾಲ್ದೇನೆ ನಮ್ಮನೆಗೆ?"

ಚುಚ್ಚುವುದಕ್ಕೆ ಅಂದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಅವಳು ಹೆಮ್ಮೆಯಿಂದಲೇ ಅಂದಳು. ನಾನು ಒಂದು ಹಿಡಿ ಅವರೆಕಾಯಿ ಎಳೆದುಕೊಂಡು, ತಲೆ ಎತ್ತದೆ ಬಿಡಿಸುತ್ತಾ ಕೂತೆ.