ಗೇಟಿಗಡ್ಡ ಹಾಕಿದ ರಂಗೋಲಿ

ಮೊದಲು ಕಂಡದ್ದು ಚುಕ್ಕಿಗಳು.

ನಮ್ಮ ಅತ್ತೆ ಆವತ್ತು ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹಾಕಲು ಕೂತವರು ಚುಕ್ಕಿ ಇಡುತ್ತಲೇ ಹೋದರು. ಗೆರೆ ಎಳೆಯಲಿಲ್ಲ. ಚುಕ್ಕಿಗಳ ಸಾಲು ಗೇಟು ದಾಟಿ ರಸ್ತೆಗೆ ಹೋಯಿತು. ಹಾಲಿನವನು ಬೈಕು ನಿಲ್ಲಿಸಿಕೊಂಡು ನೋಡುತ್ತಿದ್ದ. ನಾನು ಹೋಗಿ ಭುಜ ಮುಟ್ಟಿದೆ. ತಲೆ ಎತ್ತಿ, "ಇದನ್ನ ಎಲ್ಲಿಗೆ ಮುಗಿಸ್ಬೇಕೇ ಸವಿತಾ?" ಅಂದರು. ನನಗೆ ನಗು ಬಂತು. ನಕ್ಕೂಬಿಟ್ಟೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದೆವು. ಡಾಕ್ಟರ್ ಅಲ್ಝೈಮರ್ಸ್ ಅಂದರು, ಮರೆವಿನ ಕಾಯಿಲೆ. ಮಾತ್ರೆಯಿಂದ ವಾಸಿಯಾಗುವುದಿಲ್ಲ, ಒಂದಿಷ್ಟು ದಿನ ತಡೆಯಬಹುದು, ಅಷ್ಟೇ.

ನಮ್ಮದು ನ್ಯಾಮತಿ. ಮುಂದಿನ ಕೋಣೆಯಲ್ಲಿ ಕೂತು ಬ್ಲೌಸ್ ಹೊಲಿಯುವುದು ನನ್ನ ಕೆಲಸ. ನಮ್ಮನೆಯವರು ಹೈಸ್ಕೂಲು ಮೇಷ್ಟ್ರು, ಮನೆಗೆ ಬರುವಾಗ ಐದೂವರೆ. ಅತ್ತೆಗೆ ಹೊರಡುವ ಹೊತ್ತು ನಾಲ್ಕು ಗಂಟೆ. ದಿನಾ ನಾಲ್ಕಕ್ಕೆ ಒಂದು ಸೀರೆ, ಒಂದು ಬಾಚಣಿಗೆ ಚೀಲಕ್ಕೆ ತುಂಬಿಕೊಂಡು, "ಕೆರೆಬಿಳಚಿಗೆ ಹೋಗ್ಬೇಕು, ಅವ್ವ ಕಾಯ್ತಿರ್ತಾಳೆ" ಎಂದು ಎದ್ದುಬಿಡುತ್ತಿದ್ದರು. ಕೆರೆಬಿಳಚಿ ಅವರ ತವರು. ಆ ಅವ್ವ ಹೋಗಿ ಎಷ್ಟೋ ವರ್ಷವಾಗಿದೆ. ನಾನು ಒಂದು ತೋಳು ಕೂಡಿಸುವಷ್ಟರಲ್ಲಿ ಅತ್ತೆ ರಸ್ತೆಯಲ್ಲಿ. ಒಂದು ಸಲ ಲಾರಿಯವನು ಬ್ರೇಕ್ ಹಾಕಿದ ಸದ್ದು ಕೇಳಿ ಹೊರಗೆ ಓಡಿದೆ. ಅತ್ತೆಯನ್ನು ಕೈ ಹಿಡಿದು ಒಳಗೆ ಕರೆತಂದೆ.

ಗೇಟಿಗೆ ಬೀಗ ಹಾಕಿದೆವು. ಅತ್ತೆ ಗೇಟು ಹಿಡಿದು ಅತ್ತರು. ಅದನ್ನು ಹೇಳಿದಾಗ ಡಾಕ್ಟರ್ ತಲೆ ಅಲ್ಲಾಡಿಸಿದರು.

"ಕೂಡಿಹಾಕಿದಷ್ಟೂ ಗಾಬರಿ ಜಾಸ್ತಿ ಆಗುತ್ತಮ್ಮ. ಮನೆ ಸುತ್ತ ನಡೆಯೋಕೆ ಒಂದು ದಾರಿ ಮಾಡಿಕೊಡಿ. ಹೂವು, ನೆರಳು ಇರಲಿ. ಎಲ್ಲಿಂದ ಹೊರಟರೂ ಮನೆ ಬಾಗಿಲಿಗೇ ಬಂದು ಸೇರಬೇಕು, ಹಾಗಿರಲಿ."

ಹೇಳೋಕೇನು ಸ್ವಾಮಿ, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಮಾಡಿದೆವು. ನಮ್ಮನೆಯವರು ಎರಡು ಭಾನುವಾರ ಬೆವರು ಸುರಿಸಿ ಮನೆ ಸುತ್ತ ಚಪ್ಪಡಿ ಕಲ್ಲು ಹಾಸಿದರು. ತಿರುವಿಗೊಂದರಂತೆ ದುಂಡುಮಲ್ಲಿಗೆ, ಕನಕಾಂಬರ, ದೊಡ್ಡಪತ್ರೆ ನೆಟ್ಟೆ. ಕರಿಬೇವಿನ ಗಿಡದ ಕೆಳಗೆ ಕೂರಲು ಒಂದು ಕಟ್ಟೆ. ದಾರಿ ಎಲ್ಲಾದರೂ ಮುಗಿದಂತೆ ಕಂಡರೆ ಅತ್ತೆ ಅಲ್ಲೇ ನಿಂತು ಅಳುತ್ತಿದ್ದರು. ಅದಕ್ಕೇ ಬಟ್ಟೆ ಒಗೆಯುವ ಕಲ್ಲನ್ನೂ ಕಿತ್ತು ಪಕ್ಕಕ್ಕೆ ಹಾಕಿದೆವು. ದೊಡ್ಡಪತ್ರೆ ಎಲೆ ಹಿಸುಕಿ ಮೂಸುತ್ತಾ ಅವರು ಐದಾರು ಸುತ್ತು ಸುತ್ತಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

ಬೀಗ ತೆಗೆದೆವು. ಗೇಟು ಮಾತ್ರ ಹಾಗೇ ಇತ್ತು. ಅದು ಕಣ್ಣಿಗೆ ಬಿದ್ದರೆ ಅತ್ತೆ ದಾರಿ ಬಿಟ್ಟು ಅತ್ತಲೇ ಹೋಗುತ್ತಿದ್ದರು.

ಅದಕ್ಕೆ ಉಪಾಯ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಹಬ್ಬದ ದಿನ ಗೇಟಿನ ಈ ಕಂಬದಿಂದ ಆ ಕಂಬದವರೆಗೆ ದೊಡ್ಡ ರಂಗೋಲಿ ಹಾಕಿದ್ದೆ. ಚೀಲ ಹಿಡಿದು ಬಿರಬಿರನೆ ಬಂದ ಅತ್ತೆ ಅದರ ಮುಂದೆ ನಿಂತರು. ಪಕ್ಕದಲ್ಲಿ ಜಾಗವಿದೆಯಾ ಎಂದು ನೋಡಿದರು. ಇರಲಿಲ್ಲ. ತಿರುಗಿ ಕಲ್ಲುದಾರಿ ಹಿಡಿದರು. ನನ್ನ ಹೆಸರು ಎಷ್ಟೋ ಸಲ ಮರೆಯುತ್ತಿದ್ದವರು, ರಂಗೋಲಿ ತುಳಿಯಬಾರದೆಂಬುದನ್ನು ಮರೆತಿರಲಿಲ್ಲ. ಪೇಂಟಿನಲ್ಲಿ ಬರೆದುಬಿಟ್ಟರೆ ದಿನಾ ಹಾಕುವ ಕಾಟ ತಪ್ಪುತ್ತದೆಂದು ಅದನ್ನೂ ಮಾಡಿ ನೋಡಿದೆ. ಅತ್ತೆ ಅದರ ಮೇಲೇ ದಬದಬ ನಡೆದುಹೋದರು. ಮೋಸ ಅಂತ ಹೆಂಗೆ ಗೊತ್ತಾಯಿತೋ! ಅಂದಿನಿಂದ ದಿನಾ ಹೊಸದಾಗಿ ಪುಡಿಯಲ್ಲೇ ಹಾಕುತ್ತಾ ಬಂದೆ.

ಹೀಗಿರುವಾಗ ಜಗಳೂರಿನಿಂದ ಫೋನ್ ಬಂತು. ಮಾವನವರ ತಮ್ಮ ತೀರಿಕೊಂಡಿದ್ದರು. ಒಳ್ಳೆಯ ಮನುಷ್ಯ, ನನಗೂ ಅಳು ಬಂತು. ನಮ್ಮನೆಯವರು ಜಗಳೂರಿಗೆ ಹೊರಟರು. ನಮಗೆ ಜೊತೆಗಿರಲೆಂದು ಚನ್ನಗಿರಿಯಿಂದ ನಮ್ಮನೆಯವರ ಅಕ್ಕ ಗಿರಿಜಕ್ಕ ಬಂದರು. ಬಂದವರೇ ಒಂದು ಬಕೆಟ್ ನೀರು ತಂದು ಗೇಟಿನ ಬಳಿ ಸುರಿದುಬಿಟ್ಟರು.

"ಸೂತಕ ಐತೆ. ರಂಗೋಲಿ ಹಾಕ್ತಾರೇನೇ? ಜನ ಏನಂತಾರೆ?"

"ಅಕ್ಕ, ಅತ್ತೆ ಗೇಟು ದಾಟಿ ಹೋಗ್ತಾರೆ."

"ಬೀಗ ಹಾಕಿದ್ರಾಯ್ತು. ಹತ್ತು ದಿನದ ಮಾತು."

ನಾನು ಬೀಗ ತಂದು ಹಾಕಿದೆ. ಸೂತಕದ ಮನೆಯಲ್ಲಿ ಜಗಳ ಬೇಡ ಎಂದುಕೊಂಡೆ. ತಪ್ಪು ಮಾಡಿದ್ದು ಅಲ್ಲೇ.

ಬರಿದಾದ ಅಂಗಳ ಕಂಡ ಕೂಡಲೇ ಅತ್ತೆ ಕೇಳಿದರು: "ಯಾರು ಹೋದ್ರೇ?" ಗಿರಿಜಕ್ಕ ಹೇಳಿದರು. ಅತ್ತೆ ಎದೆ ಬಡಿದುಕೊಂಡು ಅತ್ತರು. ಗಂಟೆ ಕಳೆಯಿತು, ಮರೆತರು. ಮತ್ತೆ ಅಂಗಳ ನೋಡಿದರು, ಮತ್ತೆ ಕೇಳಿದರು, ಮತ್ತೆ ಹೊಸದಾಗಿ ಅತ್ತರು. ಒಂದೇ ದಿನದಲ್ಲಿ ಒಂದೇ ಸಾವಿಗೆ ಎಷ್ಟು ಸಲ ಅಳುವುದು! ಎರಡನೆಯ ದಿನ ನಾಲ್ಕಕ್ಕೆ ಬೀಗ ಹಾಕಿದ ಗೇಟನ್ನು ಗುದ್ದಿ ಗುದ್ದಿ ಅಂಗೈ ಒಡೆದುಕೊಂಡರು. ರಕ್ತ ಕಂಡು ಗಾಬರಿಯಾದ ಗಿರಿಜಕ್ಕ, ಆಸ್ಪತ್ರೆಗೆ ಕರೆದೊಯ್ಯೋಣವೆಂದು ಬೀಗ ತೆಗೆದರು. ನಾನು ಡೆಟಾಲ್ ತರಲು, ಅವರು ಚಪ್ಪಲಿ ಹಾಕಿಕೊಳ್ಳಲು ಒಳಗೆ ಹೋದೆವು.

ಬಂದಾಗ ಗೇಟು ತೆರೆದಿತ್ತು. ಅತ್ತೆ ಇರಲಿಲ್ಲ.

ಗಿರಿಜಕ್ಕ ಕೇರಿಯಲ್ಲಿ ಹುಡುಕಿದರು. ನಾನು ಸ್ಕೂಟಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಎಳನೀರಿನವನು, "ಅಜ್ಜಿ ಹೊನ್ನಾಳಿ ಬಸ್ ಹತ್ತಿದ್ರಲ್ಲ ಅಕ್ಕ" ಅಂದ. ಹೊನ್ನಾಳಿಯಲ್ಲಿ ಹೊಳೆ ಇದೆ. ದಾರಿಯುದ್ದಕ್ಕೂ ನನಗೆ ಅದೊಂದೇ ಯೋಚನೆ. ದೇವರೇ, ಹೊಳೆ ಕಡೆ ಹೋಗದಿರಲಿ. ಎದುರಿಗೆ ಬಂದ ವಾಹನಗಳು ಒಂದೂ ನೆನಪಿಲ್ಲ.

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಕಂಡಕ್ಟರ್ ತನ್ನ ಕರ್ಚೀಫನ್ನು ಅವರ ಕೈಗೆ ಕಟ್ಟಿದ್ದ. "ಕೆರೆಬಿಳಚಿ ಬಸ್ ಯಾವ್ದು ಅಂತ ಎಲ್ರನ್ನೂ ಕೇಳ್ತಾವ್ರೆ. ಬಿಟ್ಟು ಹೋಗಾಕೆ ಮನಸ್ಸಾಗ್ಲಿಲ್ಲ ಕಣಕ್ಕ" ಅಂದ. ಆ ಪುಣ್ಯಾತ್ಮನಿಗೆ ಕೈಮುಗಿದೆ. ಅತ್ತೆಯ ಮುಂದೆ ಕುಕ್ಕರಿಸಿ ಬೈಯಲು ಬಾಯಿ ತೆರೆದೆ.

"ನಮ್ಮವ್ವ ಸತ್ಲು ಕಣೇ," ಅಂದರು. "ಬಾಗ್ಲಾಗೆ ರಂಗೋಲಿ ಇರ್ಲಿಲ್ಲ."

ಕರ್ಚೀಫು ಕಟ್ಟಿದ ಅವರ ಕೈ ಹಿಡಿದುಕೊಂಡೆ. ನಾವು ಗೇಟಿನಡಿ ಸುರಿದ ಒಂದು ಬಕೆಟ್ ನೀರನ್ನು ಅವರು ಹೀಗೆ ಓದಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಎದ್ದು ಪುಡಿಯ ಡಬ್ಬಿ ತೆಗೆದೆ. ಗಿರಿಜಕ್ಕ ಅಡ್ಡ ಬಂದು ನಿಂತರು. ಜಗಳೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ನಮ್ಮನೆಯವರು ಅಕ್ಕನ ಮಾತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಸೂತಕ ಕಳೆಯೋವರ್ಗೂ ತಡಿಯೋಕೆ ಆಗಲ್ವಾ ಸವಿತಾ?" ಅಂದರು.

"ಆಗಲ್ಲ ರೀ. ಚಿಕ್ಕಮಾವ ಇದ್ದಿದ್ರೆ ಅವರೇ ಹಾಕು ಅಂತಿದ್ರು. ಪಾಪ ಬಂದ್ರೆ ನನಗೇ ಬರ್ಲಿ. ಅತ್ತೆ ಹೊಳೆಗೆ ಬಿದ್ರೆ ಯಾರ ತಲೆಗೆ ಕಟ್ತೀರಿ?"

ಗಿರಿಜಕ್ಕನನ್ನು ದಾಟಿ ಹೋಗಿ ಗೇಟಿನ ಬಳಿ ಕೂತೆ. ಚುಕ್ಕಿಗಳು ಸೊಟ್ಟ ಬಂದವು. ಎದುರು ಮನೆಯವರು ಕಿಟಕಿಯಿಂದ ನೋಡುತ್ತಿದ್ದರು, ನೋಡಲಿ. ಕಂಬದಿಂದ ಕಂಬಕ್ಕೆ ಹಾಕಿ ಮುಗಿಸಿ, ಬೀಗ ತೆಗೆದು, ಗೇಟನ್ನು ಪೂರಾ ತೆರೆದಿಟ್ಟೆ. ಗಿರಿಜಕ್ಕ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಅತ್ತೆ ಮಾತ್ರ, ಯಾರು ಹೋದರೆಂದು ಒಮ್ಮೆಯೂ ಕೇಳಲಿಲ್ಲ.

ನಾಲ್ಕು ಗಂಟೆಗೆ ಚೀಲ ಹಿಡಿದು ಹೊರಟರು. ನಾನು ಮಷೀನು ನಿಲ್ಲಿಸಿದೆ. ಗಿರಿಜಕ್ಕ ಜಗುಲಿಯಲ್ಲಿ ಸೆರಗು ಬಿಗಿದು ಓಡಲು ಸಿದ್ಧವಾಗಿ ನಿಂತರು. ಅತ್ತೆ ರಂಗೋಲಿಯ ಅಂಚಿಗೆ ಹೋದರು. ಒಂದು ಕಾಲು ಎತ್ತಿದರು. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ನೆರಿಗೆ ಮೇಲಕ್ಕೆ ಹಿಡಿದು, "ಯಾರೋ ಕಷ್ಟಪಟ್ಟು ಹಾಕ್ಯಾರೆ" ಎಂದು ಗೊಣಗಿಕೊಂಡರು. ಕಲ್ಲುದಾರಿಗೆ ತಿರುಗಿದರು. ಮಲ್ಲಿಗೆ ದಾಟಿದರು, ಕರಿಬೇವು ದಾಟಿದರು, ಹಿತ್ತಲ ಕಡೆ ಮರೆಯಾದರು. ಗಿರಿಜಕ್ಕ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಅವರ ಪಕ್ಕ ಕೂತೆ.

ಕಾಯಿಲೆ ಕಡಿಮೆಯಾಗಿಲ್ಲ, ಆಗುವುದೂ ಇಲ್ಲ. ಮಳೆ ಬಂದ ದಿನ ನಾನು ಗೇಟಿನಲ್ಲೇ ಕೊಡೆ ಹಿಡಿದು ನಿಲ್ಲುತ್ತೇನೆ. ಮುಂದೊಂದು ದಿನ ರಂಗೋಲಿಯೂ ಅವರಿಗೆ ಬರೀ ಪುಡಿಯಾಗಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಸೂತಕದ ಆ ಸಂಜೆ ಮಾತ್ರ ಅತ್ತೆ ಮನೆ ಪೂರಾ ಸುತ್ತಿ ಮುಂಬಾಗಿಲಿಗೇ ಬಂದರು. ಚಪ್ಪಲಿ ಬಿಟ್ಟು, ಒಳಗೆ ಕಾಲಿಡದೆ, ಹೊಸ ಊರಿಗೆ ಬಂದವರ ಹಾಗೆ ನನ್ನ ಮುಖ ನೋಡಿದರು.

"ಬಸ್ ತಪ್ಪಿ ಹೋತು ತಾಯಿ. ಇವತ್ತೊಂದಿನ ಇಲ್ಲಿದ್ದು ಹೋಗ್ಲಾ?"

"ಇರ್ರಿ," ಅಂದೆ.

ಅವರು ಬಾಗಿಲ ಒಳಗೆ ಇಣುಕಿ ದನಿ ತಗ್ಗಿಸಿದರು. "ನಿಮ್ಮತ್ತೆ ಏನೂ ಅನ್ನಲ್ವಾ?"

"ಇಲ್ಲ," ಅಂದೆ. "ನಮ್ಮತ್ತೆ ಭಾಳ ಒಳ್ಳೇರು. ಒಳಗೆ ಬರ್ರಿ."