ಮೂವತ್ತೊಂದನೇ ಹಾಳೆ

ಹೋದ ತಿಂಗಳು ಬನಶಂಕರಿ ಬಸ್ ನಿಲ್ದಾಣದ ಹೊರಗೆ, ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ಹರಡಿಕೊಂಡು ಕೂತವನ ಹತ್ತಿರ ಒಂದು ನೀಲಿ ರಟ್ಟಿನ ಪುಸ್ತಕ ಕಂಡಿತು. ಮೂವತ್ತು ದಿನದಲ್ಲಿ ಇಂಗ್ಲಿಷ್ ಮಾತಾಡಿ ಎಂದು ಮೇಲೆ ಬರೆದಿತ್ತು. ಮುಟ್ಟುವ ಮೊದಲೇ ಅದು ಯಾವ ಪುಸ್ತಕವೆಂದು ಗೊತ್ತಾಯಿತು. ತೆರೆದರೆ ಮುಗ್ಗಲು ವಾಸನೆ. ಅದರ ಹಿಂದೆಯೇ ಟೈಪ್‌ರೈಟರ್ ರಿಬ್ಬನ್ನಿನ ಮಸಿ, ಮಿಷನ್ ಎಣ್ಣೆ, ಬಿಸಿ ರಾಗಿ ಹಿಟ್ಟು, ಎಲ್ಲವೂ ಒಟ್ಟಿಗೆ ಮೂಗಿಗೆ ಬಂದವು.

"ತಗೊಳಿ ಸಾರ್, ಒಳ್ಳೆ ಬುಕ್ಕು. ಮಕ್ಳಿಗಾಗತ್ತೆ," ಎಂದ ಅವನು.

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಪಾಪ, ಅವನದೇನೂ ತಪ್ಪಿರಲಿಲ್ಲ.

ನಾನು ಚಳ್ಳಕೆರೆಯವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಎಣ್ಣೆ ಮಿಲ್ಲು ಸೇರಿದ್ದೆ. ಇಪ್ಪತ್ತಾರನೇ ವಯಸ್ಸಿಗೆ ಹೊರಗಿನಿಂದ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡು, ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದೆ. ಜಯನಗರದ ಒಂದು ಕೊರಿಯರ್ ಆಫೀಸಿನಲ್ಲಿ ಸೈಕಲ್ ಮೇಲೆ ಕವರು ಹಂಚುವ ಕೆಲಸ. ಆಫೀಸುಗಳ ಮುಂಬಾಗಿಲಲ್ಲಿ ಕುರ್ಚಿ ಮೇಲೆ ಕೂತು ಫೋನ್ ಎತ್ತುವವರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ನನಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಕವರು ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಓಡಿ ಬಂದದ್ದುಂಟು.

ಒಂಬತ್ತನೇ ಬ್ಲಾಕಿನಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಆರು ಮಿಷನ್, ಒಂದು ಬೆಂಚು, ಗೋಡೆಯ ಮೇಲೆ ಸದಾ ತೆಳ್ಳಗೆ ಹಿಟ್ಟಿನ ಧೂಳು. ಅಲ್ಲಿನ ಮೇಷ್ಟ್ರು ಅರವತ್ತು ದಾಟಿದವರು, ತೋಳಿನ ಬನಿಯನ್ ಮೇಲೆ ಬಿಳಿ ಅಂಗಿ, ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ಆಗಲೇ ಎಲ್ಲರೂ ಕಂಪ್ಯೂಟರ್ ಕಲಿಯಲು ಓಡುತ್ತಿದ್ದರು. ಅವರ ಹತ್ತಿರ ಉಳಿದಿದ್ದು ನನ್ನಂಥವರು.

ಬೇರೆ ಕಡೆ ತಿಂಗಳುಗಟ್ಟಲೆ ಎ ಎಸ್ ಡಿ ಎಫ್ ಅಂತ ಅರ್ಥವಿಲ್ಲದ ಅಕ್ಷರ ಹೊಡೆಸುತ್ತಿದ್ದರು. ಇವರು ಒಂದೇ ವಾರ ಅದನ್ನು ಹೊಡೆಸಿ, ಆಮೇಲೆ ತಾವೇ ಮಾಡಿದ ಹಾಳೆ ಮುಂದಿಡುತ್ತಿದ್ದರು. ಒಂದು ಹಾಳೆಗೆ ಒಂದೇ ಅಚ್ಚಿನ ವಾಕ್ಯಗಳು. ಐ ವಾಂಟ್ ಟು ಗೋ, ಐ ವಾಂಟ್ ಟು ಈಟ್, ಐ ವಾಂಟ್ ಟು ಸ್ಲೀಪ್. ಶುರುವಿನ ಮಾತುಗಳು ಹಾಗೇ ಇರುತ್ತಿದ್ದವು, ಕೊನೆಯ ಮಾತಷ್ಟೇ ಬದಲು. ನನಗೆ ಬೇಕು ಅನ್ನುವುದಕ್ಕೆ ಒಂದು ಹಾಳೆ. ಮಾಡಲೇಬೇಕು ಅನ್ನುವುದಕ್ಕೆ ಇನ್ನೊಂದು, ಐ ಹ್ಯಾವ್ ಟು. ಮರೆತೆ ಅನ್ನುವುದಕ್ಕೆ ಮತ್ತೊಂದು, ಐ ಫರ್ಗಾಟ್ ಟು. ಒಂದು ಅಕ್ಷರ ತಪ್ಪಿದರೂ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತಿದ್ದರು. ರಬ್ಬರ್ ಮುಟ್ಟುವಂತಿರಲಿಲ್ಲ. ಇಡೀ ಹಾಳೆ ಮೊದಲಿಂದ ಹೊಡೆಯಬೇಕಿತ್ತು.

"ತಲೆ ಮರೆಯುತ್ತೆ ಕಣಯ್ಯಾ, ಬೆರಳು ಮರೆಯಲ್ಲ," ಎನ್ನುತ್ತಿದ್ದರು.

ಪ್ರತಿ ಹಾಳೆಯ ಕೊನೆಯ ಸಾಲು ಖಾಲಿ ಇರುತ್ತಿತ್ತು. ಅದು ಕಲಿಯುವವರದು. ಯಾರಿಗೆ ಏನು ಬೇಕೋ ಅದನ್ನೇ ಹೊಡೆಯಬೇಕು. ಗಾರ್ಮೆಂಟ್ಸಿಗೆ ಹೋಗುವ ಒಬ್ಬಾಕೆ ಭಾನುವಾರ ಮಧ್ಯಾಹ್ನದವರೆಗೆ ಮಲಗಬೇಕು ಎಂದು ಹೊಡೆದಳು. ನಾನು ಐ ವಾಂಟ್ ಟು ಸಿಟ್ ಇನ್ ಎ ಚೇರ್ ಎಂದು ಹೊಡೆದೆ.

ಮೇಷ್ಟ್ರು ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗೇನ್ ನಿಂತ್ಕೊಂಡಿದ್ದೀಯೇನಯ್ಯಾ?"

ಎಲ್ಲರೂ ನಕ್ಕರು.

"ಅಲ್ಲ ಸಾರ್… ಆಫೀಸ್ ಚೇರು. ಫೋನ್ ಪಕ್ಕದ್ದು."

ಅವರು ನಗಲಿಲ್ಲ. ಕೊನೆಗೆ ನಿಯರ್ ದಿ ಫೋನ್ ಎಂದು ಸೇರಿಸಿಕೊಟ್ಟರು. ಚೆನ್ನಾಗಿದ್ದ ಸಾಲುಗಳನ್ನು ಅವರು ತಮ್ಮ ಮೂಲ ಹಾಳೆಗೆ ಸೇರಿಸಿಕೊಳ್ಳುತ್ತಿದ್ದರು. ನನ್ನದೂ ಮೂವತ್ತನೇ ಹಾಳೆಗೆ ಸೇರಿತು. ಆವತ್ತು ನಾನು ಸೈಕಲ್ ತುಳಿಯುತ್ತಾ ಅದನ್ನೇ ಜೋರಾಗಿ ಹೇಳಿಕೊಂಡು ಹೋದೆ.

ಮೂವತ್ತೊಂದನೇ ಹಾಳೆ ಬೇರೆಯವರಿಗೆ ಏನು ಬೇಕು ಎಂದು ಹೇಳುವುದನ್ನು ಕಲಿಸುವುದು. ಅದರ ಮೊದಲ ಸಾಲು, ಮೈ ವೈಫ್ ವಾಂಟ್ಸ್ ಟು ಸೀ ದಿ ಸೀ. ನನ್ನ ಹೆಂಡತಿಗೆ ಸಮುದ್ರ ನೋಡಬೇಕಂತೆ. ಆ ಹಾಳೆ ಮಾಡಿದಾಗ ಮೇಷ್ಟ್ರ ಹೆಂಡತಿ ಇನ್ನೂ ಬದುಕಿದ್ದರು. ನಾನು ಸೇರುವುದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು, ಸಮುದ್ರ ನೋಡದೆ. ಇನ್‌ಸ್ಟಿಟ್ಯೂಟಿಗೆ ರಜ ಕೊಟ್ಟರೆ ಪರೀಕ್ಷೆಗೆ ಕೂರುವವರಿಗೆ ತೊಂದರೆಯಾಗುತ್ತೆ ಎಂದು ಮೇಷ್ಟ್ರೇ ಪ್ರತಿ ವರ್ಷ ಹೋಗುವುದನ್ನು ಮುಂದಕ್ಕೆ ಹಾಕಿದ್ದರಂತೆ.

"ನೂರು ಹಾಳೆ ಆಗ್ಲಿ ಕಣಯ್ಯಾ, ಪುಸ್ತಕ ಮಾಡಿಸ್ಬಿಡೋಣ. ಮೊದಲನೇ ಪುಟಕ್ಕೆ ಅವಳ ಹೆಸರು," ಎಂದಿದ್ದರು ನನ್ನ ಹತ್ತಿರ. ಆಗ ತೊಂಬತ್ತಾರು ಹಾಳೆ ಆಗಿತ್ತು.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಅದಕ್ಕೇ ಈ ಸಿಟ್ಟು ಇಷ್ಟು ವರ್ಷವಾದರೂ ಆರುವುದಿಲ್ಲ.

ಬಿಟಿಎಂ ಲೇಔಟಿನಲ್ಲಿ, ಸುದ್ದಗುಂಟೆಪಾಳ್ಯದ ಕಡೆ ತಿರುಗುವ ರಸ್ತೆಯಲ್ಲಿ, ಗಾಜಿನ ಬಾಗಿಲಿನ ಒಂದು ಇಂಗ್ಲಿಷ್ ಕೋಚಿಂಗ್ ಸೆಂಟರ್ ಆಗ ಹೊಸದಾಗಿ ತೆರೆದಿತ್ತು. ಒಂದು ದಿನ ಕವರು ಕೊಡಲು ಹೋದಾಗ ನಾನು ಧೈರ್ಯ ಮಾಡಿ, ಐ ಹ್ಯಾವ್ ಟು ಟೇಕ್ ಯುವರ್ ಸಿಗ್ನೇಚರ್ ಸಾರ್, ಅಂದೆ. ಅದರ ಓನರು ತಲೆಯೆತ್ತಿ ನೋಡಿದ.

"ಏನ್ ಗುರು, ಸಖತ್ತಾಗ್ ಮಾತಾಡ್ತೀಯಾ! ಎಲ್ ಕಲ್ತೆ?"

ಹೆಮ್ಮೆಯಿಂದ ಎಲ್ಲ ಹೇಳಿದೆ. ಹಾಳೆ, ಅಚ್ಚು, ಕೊನೆಯ ಸಾಲು, ಎಲ್ಲ.

"ನಮ್ಗೂ ಒಬ್ರು ಫ್ರಂಟ್ ಆಫೀಸಿಗೆ ಬೇಕು," ಎಂದ ಅವನು. "ಫೋನ್ ಎತ್ತೋದು, ಅಷ್ಟೇ. ಆ ಹಾಳೆ ಒಂದ್ಸಲ ತಗೊಂಬಾ, ನೋಡಣ."

ಮೇಷ್ಟ್ರ ಹತ್ತಿರ ಹೋಗಿ, ಮನೇಲಿ ಪ್ರಾಕ್ಟೀಸ್ ಮಾಡಬೇಕು ಸಾರ್, ಅಂದೆ. ಲಾಡಿ ಕಟ್ಟಿದ ಆ ಕಂದು ಫೈಲನ್ನು ಅವರು ಯಾರಿಗೂ ಕೊಟ್ಟಿದ್ದಿಲ್ಲ. ನನಗೆ ಕೊಟ್ಟರು. "ಮಡಿಚ್ಬೇಡ," ಅಂದರು, ಅಷ್ಟೇ. ಮೂರನೇ ದಿನ ಮಡಿಚದೆ ವಾಪಸ್ ತಂದುಕೊಟ್ಟೆ. ಅಷ್ಟರಲ್ಲಿ ಜೆರಾಕ್ಸ್ ಆಗಿತ್ತು. ಮುಂದಿನ ತಿಂಗಳು ನನಗೆ ಕುರ್ಚಿ ಸಿಕ್ಕಿತು. ಫೋನ್ ಪಕ್ಕದ್ದೇ.

ಆ ವರ್ಷವೇ ನೀಲಿ ರಟ್ಟಿನ ಪುಸ್ತಕದ ಕಟ್ಟು ಪ್ರೆಸ್ಸಿನಿಂದ ಬಂತು. ಕಟ್ಟು ಬಿಚ್ಚಿದವನು ನಾನೇ. ಮೊದಲ ಪುಟದಲ್ಲಿ ಓನರಿನ ಫೋಟೊ, ಟೈ ಕಟ್ಟಿಕೊಂಡು. ಕೊನೆಯ ಪುಟದವರೆಗೆ ಹುಡುಕಿದೆ. ಮೇಷ್ಟ್ರ ಹೆಸರು ಎಲ್ಲೂ ಇಲ್ಲ.

"ಸಾರ್, ಇದು ನಮ್ ಮೇಷ್ಟ್ರು ಮಾಡಿದ್ದು."

"ಏನ್ರೀ ಮಾಡಿದ್ದು?" ಎಂದ ಅವನು. ನನ್ನನ್ನು ರೀ ಎಂದದ್ದು ಅದೇ ಮೊದಲು. "ಇಂಗ್ಲಿಷು ನಿಮ್ ಮೇಷ್ಟ್ರ ಅಪ್ಪನ ಮನೆ ಆಸ್ತೀನಾ? ಐ ವಾಂಟ್ ಟು ಗೋ ಅನ್ನೋದಕ್ಕೆ ಯಾರಾದ್ರೂ ವಾರಸುದಾರ ಇರ್ತಾನೇನ್ರೀ? ಫೋನ್ ಬಡ್ಕೋತಿದೆ ನೋಡಿ, ಎತ್ತಿ."

ನಾನು ಹೋಗಿ ಫೋನ್ ಎತ್ತಿದೆ.

ಎಂಟು ತಿಂಗಳು ಅಲ್ಲೇ ಕೂತಿದ್ದೆ. ಆ ಎಂಟು ತಿಂಗಳಲ್ಲಿ ಒಂಬತ್ತನೇ ಬ್ಲಾಕಿನ ರಸ್ತೆಗೆ ಸೈಕಲ್ ತಿರುಗಿಸಲಿಲ್ಲ. ಒಂದು ದಿನ, ಇನ್‌ಸ್ಟಿಟ್ಯೂಟಿನ ಕೆಳಗೆ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಕ್ಕ ಜಯನಗರ ಕಾಂಪ್ಲೆಕ್ಸಿನಲ್ಲಿ ಸಿಕ್ಕಿ, ಅಲ್ಲೇ ತರಕಾರಿ ಚೀಲ ಕೆಳಗಿಟ್ಟು ಬೈಯಲು ಶುರು ಮಾಡಿದಳು.

"ಏನಪ್ಪಾ, ದೊಡ್ ಮನುಷ್ಯ ಆಗ್ಬಿಟ್ಯಾ? ನಿಮ್ ಮೇಷ್ಟ್ರಿಗೆ ಏನಂದ್ರು ಗೊತ್ತಾ? ಹೊಸದಾಗಿ ಸೇರಿದ್ ಒಬ್ಬ ಹುಡುಗ ನೀಲಿ ಬುಕ್ ತಂದ್ ಮುಂದಿಟ್ಟು, 'ಏನ್ ಸಾರ್, ಇದ್ರಿಂದಾನೇ ಕಾಪಿ ಹೊಡ್ದು ನಮ್ಗೆ ಕೊಡ್ತಾ ಇದ್ದೀರಾ?' ಅಂದ. ಎಲ್ರ ಮುಂದೆ! ಆವತ್ತಿಂದ ಆ ಮನುಷ್ಯ ಕೆಳಗ್ ಬಂದು ಕಾಫಿ ಕುಡಿಯೋದೂ ಬಿಟ್ರು."

ಕದ್ದವನು ಟೈ ಕಟ್ಟಿಕೊಂಡು ಫೋಟೊದಲ್ಲಿ ಕೂತ. ಮಾಡಿದವನು ಕಳ್ಳನಾದ.

ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋದೆ. ಎರಡೇ ಮಿಷನ್ ಸದ್ದು. ಹಾಳೆ ನೋಡಿದರೆ ಎ ಎಸ್ ಡಿ ಎಫ್. ಮೇಷ್ಟ್ರು ಹಾಳೆ ಕೊಡುವುದನ್ನೇ ನಿಲ್ಲಿಸಿದ್ದರು. ನೀಲಿ ಪುಸ್ತಕ ಅವರ ಮೇಜಿನ ಮೇಲೇ ಇತ್ತು. ತೆರೆದು ನೋಡಿದೆ. ಪುಟಪುಟಕ್ಕೂ ಕೆಂಪು ಸುತ್ತು. ಪ್ರೆಸ್ಸಿನವರು ಮಾಡಿದ ತಪ್ಪುಗಳನ್ನೆಲ್ಲ, ಯಾರೋ ಕಲಿಯುವವನ ಹಾಳೆ ಎಂಬಂತೆ ತಿದ್ದಿದ್ದರು.

"ಹಾಳೆ ಕೊಟ್ಟವನು ನಾನು ಸಾರ್."

"ಗೊತ್ತು ಕಣಯ್ಯಾ. ನಿನಗ್ ಬಿಟ್ರೆ ಇನ್ಯಾರಿಗ್ ಕೊಟ್ಟಿದ್ದೆ ನಾನು?"

"ಬೈರಿ ಸಾರ್. ಹೊಡೀರಿ. ಬನ್ನಿ, ಹೋಗಿ ಕಾಲರ್ ಹಿಡಿಯಣ ಅವನ್ದು. ಕಂಪ್ಲೇಂಟ್ ಕೊಡಣ." ನಾನು ಕಿರುಚುತ್ತಿದ್ದೆ. ಮಿಷನ್ನುಗಳ ಸದ್ದು ನಿಂತಿತ್ತು.

ಅವರು ಪುಸ್ತಕ ತಿರುಗಿಸಿ ಒಂದು ಪುಟ ತೋರಿಸಿದರು. ಅಲ್ಲಿ ಮೈ ವೈಫ್ ಇರಲಿಲ್ಲ. ಮೈ ಮ್ಯಾನೇಜರ್ ವಾಂಟ್ಸ್ ಟು ಸೀ ದಿ ರಿಪೋರ್ಟ್ ಎಂದಿತ್ತು. ಆ ಸಾಲಿಗೆ ಸುತ್ತು ಹಾಕಲು ಹೋಗಿ ಪೆನ್ಸಿಲ್ ಅರ್ಧಕ್ಕೇ ನಿಂತಿತ್ತು.

"ಬೇರೆದೆಲ್ಲ ತಗೊಂಡ್ರಲ್ಲ… ಅವಳನ್ನ ಯಾಕ್ ತೆಗ್ದ್‌ಹಾಕಿದ್ರು?"

 ಮೇಷ್ಟ್ರು ಜಗಳ ಆಡಲಿಲ್ಲ ಎಂದು ಅವರ ಮೇಲೂ ನನಗೆ ಸಿಟ್ಟಿದೆ. ಒಂದು ಸಲ ಕೂಗಾಡಿದ್ದರೆ, ನನ್ನನ್ನು ಮೆಟ್ಟಿಲಿಂದ ದಬ್ಬಿದ್ದರೆ… ಆವತ್ತೇ ಕೋಚಿಂಗ್ ಸೆಂಟರಿಗೆ ಹೋಗಿ ಕುರ್ಚಿ ಒದ್ದು ಬಂದೆ. ಒದ್ದರೆ ಏನಾಯಿತು, ಪುಸ್ತಕ ಮಾರಾಟವಾಗುತ್ತಲೇ ಇತ್ತು.

ಇನ್‌ಸ್ಟಿಟ್ಯೂಟ್ ಮುಚ್ಚಿತು. ಮಿಷನ್ನುಗಳು ಗುಜರಿಗೆ ಹೋದವು. ಮೇಷ್ಟ್ರು ಚಿಕ್ಕಲಸಂದ್ರದಲ್ಲಿ ತಂಗಿಯ ಮನೆಯಲ್ಲಿ ಕೆಲವು ವರ್ಷ ಇದ್ದು ತೀರಿಕೊಂಡರು ಎಂದು ಗಿರಣಿ ಅಕ್ಕನೇ ಹೇಳಿದಳು. ಆ ಕಂದು ಫೈಲು ಏನಾಯಿತೋ… ಕೇಳುವ ಧೈರ್ಯ ನನಗೆ ಬರಲಿಲ್ಲ.

ಫುಟ್‌ಪಾತಿನಲ್ಲಿ ಕಂಡ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಈ ಕಥೆಯನ್ನೆಲ್ಲ ಕಂಪ್ಯೂಟರಿನಲ್ಲಿ ನಿಧಾನವಾಗಿ ಹೊಡೆಯುತ್ತಿದ್ದೇನೆ. ನಡುವೆ ಎರಡು ಸಲ ಬೆರಳು ತಾವಾಗಿಯೇ ಇಂಗ್ಲಿಷಿಗೆ ಹೋಗಿ, ಮೂವತ್ತೊಂದನೇ ಹಾಳೆಯ ಮೊದಲ ಸಾಲು ಹೊಡೆದವು. ಅವರು ಹೇಳಿದ್ದು ನಿಜ, ಬೆರಳು ಮರೆತಿಲ್ಲ.

ಕೆಂಪು ಪೆನ್ನು ತಗೊಂಡು ಪುಸ್ತಕ ತಿದ್ದಲು ಕೂತಿದ್ದೆ. ಮ್ಯಾನೇಜರ್ ಹೊಡೆದುಹಾಕಿ ವೈಫ್ ಎಂದು ಬರೆದೆ. ರಿಪೋರ್ಟ್ ಹೊಡೆದುಹಾಕಿ ಸಮುದ್ರವನ್ನು ವಾಪಸ್ ತಂದೆ. ಭಾನುವಾರ ಮಲಗಬೇಕು ಎಂದಿದ್ದವಳ ಸಾಲನ್ನು ಭಾನುವಾರ ಕೆಲಸ ಮಾಡಬೇಕು ಎಂದು ಮಾಡಿದ್ದರು. ಅದನ್ನೂ ತಿದ್ದಿದೆ. ಹಿಂದಿನ ಪುಟ ತಿರುಗಿಸಿದೆ. ಅಲ್ಲಿ ಐ ವಾಂಟ್ ಟು ಸಿಟ್ ಇನ್ ಎ ಚೇರ್ ನಿಯರ್ ದಿ ಫೋನ್, ಒಂದಕ್ಷರವೂ ಬದಲಾಗದೆ ಹಾಗೇ ಇತ್ತು. ನನ್ನ ಆಸೆಯೊಂದನ್ನು ಮಾತ್ರ ಸೆಂಟರಿನವರಿಗೆ ತಿದ್ದುವ ಅಗತ್ಯವೇ ಬಿದ್ದಿರಲಿಲ್ಲ.

ಅದಕ್ಕೆ ಸುತ್ತು ಹಾಕಿದೆ. ಇನ್ನು ಇಡೀ ಹಾಳೆ ಮೊದಲಿಂದ ಹೊಡೆಯಬೇಕು. ಹೊಡೆದರೂ ನೋಡುವವರು ಇಲ್ಲ.