ಹನ್ನೊಂದು ಕಂಪ್ಯೂಟರ್, ಒಂದು ಡಬ್ಬಿ ಪರಾಗ

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನನ್ನ ಮೇಲಧಿಕಾರಿಯಾಗಿದ್ದವರನ್ನು ನಾನು ಮೊದಲ ವಾರದಿಂದಲೇ ದ್ವೇಷಿಸಿದೆ. ಅವರೂ ನನ್ನನ್ನು ಅಷ್ಟೇ ಶ್ರದ್ಧೆಯಿಂದ ದ್ವೇಷಿಸಿದರು. ಹಾವೇರಿಯಿಂದ ನಾನು ಬರುವ ರೈಲು ತಡವಾದ ದಿನ ಅವರ ಮುಖದಲ್ಲಿ ಕಳೆ ಇರುತ್ತಿತ್ತು.

ನಮ್ಮದು ಮೆಣಸಿನಕಾಯಿ ಹೂವಿನ ಪರಾಗ ಪರೀಕ್ಷಿಸುವ ಕೆಲಸ. ಬ್ಯಾಡಗಿ ಕಡೆಯ ಹೊಲಗಳಲ್ಲಿ ಹೆಂಗಸರು ಆ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸಿ ಹೈಬ್ರಿಡ್ ಬೀಜ ಕಟ್ಟಿಸುತ್ತಾರೆ. ಪರಾಗಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದರೆ ಜೀವವಿರುವ ಕಣ ಕೆಂಪಗೆ ಕಾಣುತ್ತದೆ, ಸತ್ತದ್ದು ಬಿಳಚಿಕೊಂಡಿರುತ್ತದೆ. ಎಣಿಸುವುದು ಕಂಪ್ಯೂಟರ್. ಅಷ್ಟೊಂದು ಫೋಟೊಗಳನ್ನು ನಮ್ಮ ಒಂದೇ ಕಂಪ್ಯೂಟರ್ ಎಣಿಸಿ ಮುಗಿಸುವಾಗ ಸಂಜೆಯಾಗುತ್ತಿತ್ತು. ಪರಾಗದ ಡಬ್ಬಿ ಬೆಳಿಗ್ಗೆಯ ಗಾಡಿಗೇ ಹೋಗಿರುತ್ತಿತ್ತು. ಹಾಗಾಗಿ ಅಧಿಕಾರಿ ಒಮ್ಮೆ ಕಣ್ಣಿಟ್ಟು ನೋಡಿ "ಚಲೋ ಐತಿ" ಎಂದದ್ದೇ ಫಲಿತಾಂಶ.

ಕಚೇರಿಯ ಉಳಿದ ಹತ್ತು ಕಂಪ್ಯೂಟರುಗಳು ಬೆಳಿಗ್ಗೆ ಸುಮ್ಮನಿರುತ್ತಿದ್ದವು. ಮ್ಯಾನೇಜರರನ್ನು ಕೇಳಿ, ಫೋಟೊಗಳನ್ನು ಎಲ್ಲಕ್ಕೂ ಪಾಲು ಹಂಚಿ ಲೆಕ್ಕವನ್ನು ಮತ್ತೆ ಒಂದೆಡೆ ಕೂಡಿಸುವ ಪ್ರೋಗ್ರಾಂ ಬರೆದೆ. ಗಾಡಿ ಹೊರಡುವ ಮುಂಚೆಯೇ ಫಲಿತಾಂಶ ಬರತೊಡಗಿತು. ಅಧಿಕಾರಿ ಆ ಹಾಳೆಗಳನ್ನು ಚಹಾದ ಲೋಟದ ಕೆಳಗೆ ಹಾಸಿಕೊಂಡರು.

ಒಂದು ದಿನ ಅರ್ಧಕ್ಕಿಂತ ಹೆಚ್ಚು ಕಣ ಸತ್ತಿವೆ ಎಂದು ಬಂತು. ಡಬ್ಬಿ ಆಗಲೇ ಅವರ ಕೈಯಲ್ಲಿತ್ತು.

"ಇದನ್ನ ಕಳಸಬ್ಯಾಡ್ರಿ ಸರ್," ಎಂದೆ.

"ಇಪ್ಪತ್ತು ವರ್ಷ ಈ ಕಣ್ಣಿಂದ ನೋಡೇನಿ. ನಿನ್ನ ಕಂಪ್ಯೂಟರ್ ನನಗ ಬುದ್ಧಿ ಹೇಳತೈತೇನು?"

"ಸ್ಲೈಡ್ ಇಲ್ಲೇ ಐತಿ. ನೀವ ಇನ್ನೊಮ್ಮೆ ನೋಡ್ರಿ."

"ನೋಡಂಗಿಲ್ಲ."

ಹೋಗುವಾಗ ಕಂಪ್ಯೂಟರುಗಳನ್ನು ಜೋಡಿಸಿದ್ದ ನೆಟ್‌ವರ್ಕ್ ಕೇಬಲನ್ನು ಗೋಡೆಯಿಂದ ಕಿತ್ತು ಜೇಬಿಗೆ ತುರುಕಿಕೊಂಡರು. ಡಬ್ಬಿ ಹೋಯಿತು.

ಆ ಡಬ್ಬಿ ಹೋಗುತ್ತಿದ್ದ ಬ್ಯಾಡಗಿಯ ಹೊಲವನ್ನು ನೋಡಿಕೊಳ್ಳುವ ಹೆಂಗಸಿಗೆ ನಾನು ಫೋನ್ ಮಾಡಿದೆ. "ಅಕ್ಕಾರ, ಇವತ್ತಿನ ಪರಾಗ ಮುಟ್ಟಸಬ್ಯಾಡ್ರಿ."

"ನಿಮ್ಮ ಸಾಹೇಬ್ರು ಈಗಷ್ಟೇ ಫೋನ್ ಮಾಡಿದ್ರು. ಲ್ಯಾಬಿನ ಹುಡುಗಿ ಫೋನ್ ಮಾಡಿದ್ರ ಆಕಿ ಮಾತು ಕೇಳಬ್ಯಾಡ್ರಿ ಅಂದ್ರು. ನಾವು ಯಾರ ಮಾತು ಕೇಳೂಣ್ರಿ?"

ನನ್ನ ಮಾತೇ ಕೇಳಿ ಎನ್ನುವ ಧೈರ್ಯ ಬರಲಿಲ್ಲ. ಫೋನ್ ಇಟ್ಟುಬಿಟ್ಟೆ.

ವಾರದೊಳಗೆ ಆ ಹೊಲದ ಹೂಗಳು ಕಾಯಿ ಕಟ್ಟದೆ ಉದುರಿದವು. ಕಂಪ್ಯೂಟರಿನ ಫಲಿತಾಂಶ ತಡವಾಗಿ ಬಂತು ಎಂದು ಅಧಿಕಾರಿ ವರದಿ ಬರೆದರು. ಫಲಿತಾಂಶ ಬಂದ ಸಮಯ ನಮೂದಾಗಿದ್ದ ಆ ದಿನದ ಹಾಳೆಯನ್ನು ನಾನು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿ, ಇನ್ನು ಮುಂದೆ ಈ ಹಾಳೆಗೆ ನಮ್ಮಿಬ್ಬರ ಸಹಿ ಬೀಳದೆ ಡಬ್ಬಿ ಕದಲಬಾರದು ಎಂದರು. ಅಧಿಕಾರಿಯನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

ಕ್ಷಮೆ ಕೇಳಲು ಹೊಲಕ್ಕೆ ಹೋದಾಗ ಆ ಹೆಂಗಸು ನನ್ನನ್ನು ಕೂರಲು ಹೇಳಲಿಲ್ಲ. "ಅವರಿಗೆ ಗೊತ್ತಿರಲಿಲ್ಲ ಅನ್ನೂಣು. ನಿಮಗ ಗೊತ್ತಿತ್ತು. ಗೊತ್ತಿದ್ದೂ ಫೋನ್ ಇಟ್ರಿ," ಎಂದು ಬೆನ್ನು ತಿರುಗಿಸಿದರು.

ಅಧಿಕಾರಿಯೂ ನಾನೂ ಈಗಲೂ ಒಂದೇ ಕೋಣೆಯಲ್ಲಿದ್ದೇವೆ. ದಿನಾ ಬೆಳಿಗ್ಗೆ ಅವರು ಹಾಳೆಗೆ ಓದದೆ ಸಹಿ ಹಾಕಿ, ಮೊಣಕೈಯಿಂದ ನನ್ನ ಕಡೆ ತಳ್ಳುತ್ತಾರೆ. ನಾನು ತೆಗೆದುಕೊಂಡು, ಓದಿ ಸಹಿ ಹಾಕುತ್ತೇನೆ.